ಎಲ್ಲರಿಗೂ ಮುಚ್ಚಿದ ಈಜುಕೊಳ

ನಮ್ಮ ಕಟ್ಟಡದ ಹಿಂದೆ ಈಗ ಟೈಲ್ಸ್ ಹಾಕಿದ ಒಂದು ಅಂಗಳವಿದೆ. ಸಂಜೆ ಹೊತ್ತು ಮಕ್ಕಳು ಅಲ್ಲಿ ಸೈಕಲ್ ಹೊಡೆಯುತ್ತಾರೆ. ಕಟ್ಟಡ ನೋಡಿಕೊಳ್ಳುವ ಈಜಿಪ್ಟಿನವ, ಇಲ್ಲಿನ ಮಾತಿನಲ್ಲಿ ಹಾರಿಸ್, ಅದರ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾನೆ. ಹೊಸದಾಗಿ ಬಂದ ಬಾಡಿಗೆಯವರಿಗೆ ಅದರ ಕೆಳಗೆ ಏನಿತ್ತು ಎಂಬುದು ಗೊತ್ತಿಲ್ಲ. ಗೊತ್ತಿದ್ದವರು ಲಿಫ್ಟಿನಲ್ಲಿ ನನ್ನನ್ನು ಕಂಡರೆ ಮೊಬೈಲ್ ನೋಡಲು ಶುರುಮಾಡುತ್ತಾರೆ. ನೋಡಲಿ. ಅವರ ಮುಖ ನೋಡುವ ಹುಚ್ಚು ನನಗೂ ಇಲ್ಲ.

ಕುವೈತಿನ ಬ್ನೇದ್ ಅಲ್ ಗಾರ್‌ನ ಈ ಹಳೇ ಕಟ್ಟಡಕ್ಕೆ ನಾವು ಬಂದದ್ದೇ ಈಗ ಟೈಲ್ಸ್ ಕೆಳಗೆ ಹೂತುಹೋಗಿರುವ ಈಜುಕೊಳಕ್ಕಾಗಿ. ನನ್ನ ಮಗಳು ಹುಟ್ಟುವುದಕ್ಕೆ ಅವಸರ ಮಾಡಿದವಳು. ಆ ಅವಸರಕ್ಕೆ ದಂಡ ತೆತ್ತದ್ದು ಅವಳ ಕಾಲುಗಳು. ಬುದ್ಧಿ ಚುರುಕು, ಬಾಯಿ ನನಗಿಂತ ಜೋರು, ಮೊಣಕಾಲುಗಳು ಮಾತ್ರ ಯಾವಾಗಲೂ ಬಿಗಿದುಕೊಂಡೇ ಇರುತ್ತವೆ. ಎಂಟು ವರ್ಷ ತುಂಬಿದರೂ ಗೋಡೆ ಹಿಡಿದು ನಿಲ್ಲುವುದಷ್ಟೇ ಬರುತ್ತಿತ್ತು. ಫಿಸಿಯೋಥೆರಪಿಯ ಮಲಯಾಳಿ ಹೆಂಗಸು ಸುತ್ತಿಬಳಸದೆ ಹೇಳಿದಳು: ದಿನಾಲೂ ನೀರಿನಲ್ಲಿ ನಡೆಸಿ, ನೀರು ಮೈಯ ಭಾರ ಹೊತ್ತುಕೊಂಡರೆ ಕಾಲು ತನ್ನ ಕೆಲಸ ಕಲಿಯುತ್ತದೆ, ಎಲುಬು ಬೆಳೆದು ಗಟ್ಟಿಯಾಗುವ ಮೊದಲು ಕಲಿತರೆ ಊರುಗೋಲು ಹಿಡಿದಾದರೂ ನಡೆದಾಳು, ಆಮೇಲೆ ಕಷ್ಟ. ಆಸ್ಪತ್ರೆಯ ಕೊಳದಲ್ಲಿ ನಮ್ಮ ಸರದಿ ಬರುವುದು ಅಪರೂಪ. ಹಾಗಾಗಿ ನಾವು ಸಂಸಾರವನ್ನೇ ಒಂದು ಕೊಳದ ಬಳಿಗೆ ಎತ್ತಿಕೊಂಡು ಬಂದೆವು.

ಕಡಲ ಬದಿಯಲ್ಲೇ ಹುಟ್ಟಿದ್ದರೂ ನನಗೆ ಈಜು ಬಾರದು. ನಮ್ಮೂರಿನ ಕ್ರಿಸ್ತಾನಿ ಹೆಣ್ಣುಮಕ್ಕಳಿಗೆ ಕಡಲು ಇರುವುದು ದೂರದಿಂದ ನೋಡಲಿಕ್ಕೆ, ಭಾನುವಾರ ಮರಳಲ್ಲಿ ಕೂತು ಕಡ್ಲೆ ತಿನ್ನಲಿಕ್ಕೆ. ಗಂಡ ದಕ್ಷಿಣದ ಎಣ್ಣೆಬಾವಿಗಳ ಕಡೆ ಕೆಲಸದಲ್ಲಿದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುವವ. ನಾನು ಕುವೈತ್ ಸಿಟಿಯ ಒಂದು ಆಫೀಸಿನಲ್ಲಿ ಮಧ್ಯಾಹ್ನದವರೆಗೆ ಕೂತು ಬರುವವಳು. ಮಗಳನ್ನು ನೀರಿಗೆ ಇಳಿಸುವವಳು ನಮ್ಮ ಮನೆಯ ಆಯಾ. ಊರಿನಿಂದ ನಾವೇ ಕರೆಸಿಕೊಂಡವಳು, ಹೊಳೆಬದಿಯಲ್ಲಿ ದೋಣಿ ದಾಟಿಸುವವರ ಮನೆಯಲ್ಲಿ ಬೆಳೆದವಳು, ನನಗಿಂತ ಸ್ವಲ್ಪ ಚಿಕ್ಕವಳು. ನೀರು ಅವಳಿಗೆ ಅಂಗಳ ಇದ್ದ ಹಾಗೆ. ಮನೆಮಾತು ತುಳು, ನನ್ನನ್ನು ಕರೆಯುವುದು ಬಾಯಮ್ಮ ಎಂದು. ನಮ್ಮ ಕಡೆ ಕೆಲಸಕ್ಕೆ ಬರುವವರು ಕ್ರಿಸ್ತಾನಿ ಮನೆಯೊಡತಿಯನ್ನು ಕರೆಯುವುದೇ ಹಾಗೆ. ಹೊರಗಿನವರಿಗೆ ಅದು ಬರೀ ಒಂದು ಸದ್ದು. ಊರಿನವರಿಗಾದರೆ ಕರೆದವರು ಯಾರು, ಓಗೊಟ್ಟವರು ಯಾರು ಎಂದು ಮತ್ತೆ ಕೇಳುವುದೇ ಬೇಡ.

ಕೊಳದ ಗೇಟಿನ ಪಕ್ಕದ ಗೋಡೆಗೆ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಬೋರ್ಡು ಹೊಡೆದಿತ್ತು. ಮನೆಗೆಲಸದವರು ಮಕ್ಕಳ ಜೊತೆ ಬಂದು ಬದಿಯಲ್ಲಿ ಕೂರಬಹುದು, ನೀರಿಗೆ ಇಳಿಯುವಂತಿಲ್ಲ. ಮನೆ ನೋಡಲು ಬಂದ ದಿನ ಅದನ್ನು ಓದಿ ಗಂಡನಿಗೆ ತೋರಿಸಿದೆ. ಗಂಡ ಭುಜ ಕುಣಿಸಿ, "ಅದನ್ನೆಲ್ಲ ಯಾರು ನೋಡ್ತಾರೆ? ಆಯಾ ನಿನ್ನ ಕಸಿನ್ ಅಂತ ಹೇಳಿದ್ರೆ ಆಯ್ತು" ಎಂದ. ಮೈಬಣ್ಣ ಒಂದೇ, ಊರು ಒಂದೇ, ಇಬ್ಬರ ಕನ್ನಡವೂ ಒಂದೇ. ಲೆಬನಾನಿನವರಿಗೆ, ಈಜಿಪ್ಟಿನವರಿಗೆ ನಮ್ಮಲ್ಲಿ ಯಾರು ಯಾರೆಂದು ಎಲ್ಲಿ ಗೊತ್ತಾಗಬೇಕು? ಆಯಾಳಿಗೆ ಉದ್ದ ತೋಳಿನ ಈಜುಡುಗೆ ಹೊಲಿಸಿದೆ, ಕತ್ತಿಗೆ ನನ್ನದೇ ಒಂದು ಸರ ಹಾಕಿದೆ. ಕೊಳದ ಹತ್ತಿರ ನನ್ನನ್ನು ಅಕ್ಕ ಎಂದೇ ಕರೆಯಬೇಕು ಎಂದು ದಿನಾ ಪಾಠ ಮಾಡಿದೆ.

"ನಾಲಿಗೆ ತಿರುಗುದಿಲ್ಲ ಬಾಯಮ್ಮ," ಎಂದು ಅವಳು ನಗುತ್ತಿದ್ದಳು.

"ತಿರುಗಿಸು. ಇಲ್ಲದಿದ್ರೆ ಮಗುವಿಗೆ ನೀರಿಲ್ಲ."

"ಆಯ್ತು ಬಾಯಮ್ಮ. ಅಲ್ಲಲ್ಲ, ಅಕ್ಕ."

ಅಲ್ಲಿಂದ ಕೆಲವು ತಿಂಗಳು ನಮ್ಮ ಬದುಕಿನ ಒಳ್ಳೆಯ ಕಾಲ ಎನ್ನಬೇಕು. ನೀರಿನಲ್ಲಿ ಮಗಳು ಬೇರೆಯೇ ಹುಡುಗಿಯಾದಳು. ಮೊದಲು ಅಂಚು ಹಿಡಿದು ನಿಂತಳು, ಆಮೇಲೆ ಆಯಾಳ ಕೈ ಹಿಡಿದು, ಆಮೇಲೆ ಒಂದು ಸಂಜೆ ಯಾರನ್ನೂ ಹಿಡಿಯದೆ ಎದೆಮಟ್ಟದ ನೀರಿನಲ್ಲಿ ಆಯಾ ನಿಂತಲ್ಲಿಗೆ ನಡೆದುಕೊಂಡು ಹೋದಳು. ಬೆನ್ನ ಮೇಲೆ ತೇಲುವುದನ್ನೂ ಕೈ ಬೀಸಿ ಈಜುವುದನ್ನೂ ಕಲಿತಳು. ನಾನು ಬದಿಯಲ್ಲಿ ನಿಂತು ಅತ್ತುಬಿಟ್ಟೆ. ಮಗಳು ಮಾತ್ರ "ಮಮ್ಮಾ, ಸ್ಟಾಪ್ ಇಟ್" ಎಂದು ಗದರಿಸಿದಳು. ನಾವು ಕನ್ನಡ ಆಡಿದರೂ ಕೊಂಕಣಿ ಆಡಿದರೂ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ.

ನಮ್ಮ ಕಟ್ಟಡದಲ್ಲೇ ಇದ್ದ ಒಬ್ಬ ಮುದುಕರ ಪರಿಚಯವಾದದ್ದು ಅದೇ ದಿನಗಳಲ್ಲಿ. ಅಮೆರಿಕದ ದಕ್ಷಿಣ ಭಾಗದವರು, ಕಪ್ಪು ವರ್ಣದವರು, ಎಪ್ಪತ್ತು ದಾಟಿ ಎಷ್ಟೋ ಆಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಇಲ್ಲಿ ಶಾಲೆಯಲ್ಲಿ ಪಾಠ ಹೇಳುವ ಮಗಳ ಮನೆಗೆ ಬಂದಿದ್ದರು. ಬಂದ ಹೊಸತರಲ್ಲಿ ಹಾರಿಸ್ ಅವರನ್ನು ಯಾರದೋ ಡ್ರೈವರ್ ಎಂದುಕೊಂಡು ಹಿಂಬಾಗಿಲು ತೋರಿಸಿದ್ದನಂತೆ. ಅವರು ಬಾಯಿಬಿಟ್ಟು ಇಂಗ್ಲಿಷ್ ಆಡಿದ ಕೂಡಲೇ ಅವನು ಎದ್ದು ನಿಂತು ಸಲಾಂ ಹೊಡೆದನಂತೆ. ಇದನ್ನು ಹೇಳಿಕೊಂಡು ಅವರೇ ನಕ್ಕರು. ನನಗೆ ನಗು ಬರಲಿಲ್ಲ.

ದಿನಾ ಸಂಜೆ ಇಸ್ತ್ರಿ ಮಾಡಿದ ಪ್ಯಾಂಟು, ಬೂಟು, ಕಾಲುಚೀಲ ಹಾಕಿಕೊಂಡು ಬಂದು ಕೊಳದ ಬದಿಯ ಬೆಂಚಿನಲ್ಲಿ ಕೂರುತ್ತಿದ್ದರು. ಎಂಥ ಸೆಕೆಯಿದ್ದರೂ ಕಾಲುಬೆರಳನ್ನೂ ನೀರಿಗೆ ತಾಗಿಸಿದವರಲ್ಲ. ಮಗಳಿಗೆ ಅವರು ಗ್ರ್ಯಾಂಪಾ. ಒಂದು ದಿನ ಅವರು ಬೋರ್ಡಿನ ಕಡೆ ಗಲ್ಲ ತಿರುಗಿಸಿ, ನಮ್ಮ ಆಯಾಳ ಕಡೆ ನೋಡಿ, ಮೆಲ್ಲನೆ ಕೇಳಿದರು: "ಆಕೆ ನಿಮ್ಮ ಕಸಿನ್ ಅಲ್ಲ, ಅಲ್ಲವೇ?" ಅವರು ಆಡಿದ್ದು ಇಂಗ್ಲಿಷಿನಲ್ಲಿ, ನನ್ನ ತಲೆಯಲ್ಲಿ ಉಳಿದಿರುವುದು ನನ್ನ ಭಾಷೆಯಲ್ಲಿ. ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, "ಹೆದರಬೇಡಿ. ನನ್ನ ಅಮ್ಮನೂ ಹೀಗೆ ಒಂದು ಬೋರ್ಡಿನ ಕೆಳಗೆ ಕೂರುತ್ತಿದ್ದಳು" ಎಂದರು.

ಅವರ ಊರಿನಲ್ಲಿ ನಗರಸಭೆಯ ದೊಡ್ಡ ಈಜುಕೊಳವೊಂದಿತ್ತಂತೆ. ಎಲ್ಲರ ತೆರಿಗೆಯಿಂದ ಕಟ್ಟಿದ್ದು, ಬಿಳಿಯರಿಗೆ ಮಾತ್ರ. ಅವರ ಅಮ್ಮ ಬಿಳಿಯರ ಒಂದು ಮನೆಯಲ್ಲಿ ಅಡುಗೆಯವಳು. ಬಿಳಿ ಸಮವಸ್ತ್ರ ತೊಟ್ಟು ಆ ಮನೆಯ ಮಕ್ಕಳನ್ನು ಕರೆದುಕೊಂಡು ಹೋದರೆ ಗೇಟಿನ ಒಳಗೆ ಬಿಡುತ್ತಿದ್ದರು. ಬದಿಯಲ್ಲಿ ಟವೆಲ್ ಹಿಡಿದು ಕೂರಬಹುದು, ನೀರು ಮುಟ್ಟುವ ಹಾಗಿಲ್ಲ. ಅವಳ ಸ್ವಂತ ಮಗ ಬೇಲಿಯ ಹೊರಗೆ ನಿಂತು ನೋಡುವುದು. "ನಿಮ್ಮ ಮಗಳು ನೀರಿನಲ್ಲಿ ನಡೆಯುವುದನ್ನು ಅಮ್ಮ ನೋಡಬೇಕಿತ್ತು. ಅದಕ್ಕೇ ನಾನು ಇಲ್ಲಿ ಬಂದು ಕೂರುವುದು" ಎಂದರು.

ಮೋಸ ಹೊರಬಿದ್ದದ್ದು ಒಂದೇ ಕೂಗಿನಲ್ಲಿ. ಮಗಳಿಗೆ ಇದ್ದಕ್ಕಿದ್ದಂತೆ ಕಾಲು ಸೆಟೆದುಕೊಂಡು ಅವಳು ಆಳದ ಕಡೆ ಜಾರಿದಳು, ಒಂದು ಗುಟುಕು ನೀರೂ ಒಳಗೆ ಹೋಯಿತು. ಆಯಾ ಹಾರಿ ಹಿಡಿದು, ಅಂಚಿಗೆ ಎತ್ತಿ ಕೊಡುತ್ತಾ, "ಬಾಯಮ್ಮಾ, ಹಿಡ್ಕೊಳ್ಳಿ, ಬಾಯಮ್ಮಾ" ಎಂದು ಕಟ್ಟಡಕ್ಕೆಲ್ಲ ಕೇಳುವ ಹಾಗೆ ಕೂಗಿದಳು. ಮಗು ಕೆಮ್ಮಿ ಸರಿಯಾಯಿತು. ತಲೆಯೆತ್ತಿ ನೋಡುತ್ತೇನೆ, ಎದುರು ಬದಿಯಲ್ಲಿ ಮೂರನೇ ಮಹಡಿಯ ಹೆಂಗಸು ತನ್ನ ಇಬ್ಬರು ಮಕ್ಕಳ ಜೊತೆ ನಿಂತಿದ್ದಾಳೆ. ನಮ್ಮ ಊರಿನವಳೇ, ನಮ್ಮ ಇಗರ್ಜಿಯವಳೇ. ಇಡೀ ಕಟ್ಟಡದಲ್ಲಿ ಆ ಪದದ ಅರ್ಥ ಗೊತ್ತಿದ್ದವಳು ಅವಳೊಬ್ಬಳು.

"ಪಾಪ, ನಿಮ್ಮ ಕಸಿನ್‌ಗೆ ತುಂಬಾ ಗಾಬರಿ ಆಗಿರ್ಬೇಕು," ಎಂದು ಕೊಂಕಣಿಯಲ್ಲಿ ಹೇಳಿದಳು. ಕಸಿನ್ ಎನ್ನುವಾಗ ಅವಳ ತುಟಿಯ ಕೊನೆ ಸ್ವಲ್ಪ ಮೇಲೆ ಹೋಯಿತು.

ಅವಳೇ ಚಾಡಿ ಹೇಳಿದಳು ಎನ್ನಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ಎರಡೇ ದಿನಕ್ಕೆ ಹಾರಿಸ್ ಬಂದು ಗೇಟಿಗೆ ಅಡ್ಡ ನಿಂತ. "ಮದಾಮ್, ಖಾದಿಮಾ ಪಾನಿ ಮೇ ಮಮ್ನೂ" ಎಂದ. ಕೆಲಸದವಳು ನೀರಿಗಿಳಿಯುವುದು ನಿಷೇಧ. ಹಿಂದಿಯೂ ಅರಬ್ಬಿಯೂ ಕಲಸಿದ ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ, ಅವನಿಗೂ ಮೇಲಿನಿಂದ ಯಾರೋ ಹೇಳಿದ್ದರು. ಆಯಾ ಆ ರಾತ್ರಿ ಊಟ ಮಾಡಲಿಲ್ಲ. "ನನ್ನ ಬಾಯಿಂದಲೇ ಹೋಯ್ತಲ್ಲ," ಎಂದು ಒಂದೇ ಸಮನೆ ಹೇಳಿಕೊಂಡಳು. "ಆ ಹೊತ್ತಿಗೆ ಬೇರೆ ಹೆಸರು ಬರ್ಲೇ ಇಲ್ಲ ಮಾರಾಯ್ರೆ. ಎಂತ ಮಾಡುದು?"

ಏನು ಮಾಡುವುದು? ನಾನೇ ಇಳಿದೆ. ಎದೆಮಟ್ಟದ ನೀರಿನಲ್ಲಿ ನನ್ನ ಕಾಲು ಗಡಗಡ ನಡುಗುತ್ತಿತ್ತು. ಮಗಳು ನನ್ನನ್ನು ಹಿಡಿದಿದ್ದಳೋ ನಾನು ಅವಳನ್ನು ಹಿಡಿದಿದ್ದೆನೋ ದೇವರಿಗೇ ಗೊತ್ತು. ನನ್ನ ಹೆದರಿಕೆ ಅವಳ ಮೈಗೂ ಇಳಿಯಿತು, ಮೊಣಕಾಲು ಕಬ್ಬಿಣದ ಹಾಗೆ ಬಿಗಿಯಿತು. ಬದಿಯಲ್ಲಿ ಆಯಾ ಟವೆಲ್ ಮಡಿಲಲ್ಲಿಟ್ಟುಕೊಂಡು, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕೂತೇ ಇದ್ದಳು. ಹತ್ತು ನಿಮಿಷಕ್ಕೆ ಮಗಳು ಅಳುತ್ತಾ ಮೇಲೆ ಬಂದಳು. ಇದೇ ಒಂದು ವಾರ ನಡೆಯಿತು. ಕಲಿತದ್ದೆಲ್ಲ ಕಣ್ಣೆದುರೇ ಕರಗಿ ಹೋಗುತ್ತಿತ್ತು.

ಒಂದು ಸಂಜೆ ನಾನು ಬೆಂಚಿನಲ್ಲಿ ಮುದುಕರ ಪಕ್ಕ ಕೂತು ಕುದಿಯುತ್ತಿದ್ದೆ. "ನಿಮ್ಮ ಊರಿನಲ್ಲಿ ನೀವು ಏನು ಮಾಡಿದಿರಿ? ಸುಮ್ಮನೆ ಬೇಲಿ ಹಿಡಿದು ನಿಂತಿರಾ?" ಎಂದು ಕೇಳಿಯೇಬಿಟ್ಟೆ. ಕೇಳಿದ ರೀತಿ ಒರಟಾಗಿತ್ತು. ಅವರು ಬೇಸರ ಮಾಡಲಿಲ್ಲ, ನಿಧಾನವಾಗಿ ಹೇಳಲು ಶುರುಮಾಡಿದರು.

ಅವರು ಆಗ ಹೈಸ್ಕೂಲ್ ಹುಡುಗ. ಅವರ ಚರ್ಚಿನ ನೆಲಮಾಳಿಗೆಯಲ್ಲಿ ದೊಡ್ಡವರು ಮಕ್ಕಳಿಗೆ ತರಬೇತಿ ಕೊಡುತ್ತಿದ್ದರಂತೆ. ತರಬೇತಿ ಎಂದರೆ ಹೊಡೆಯುವುದಕ್ಕಲ್ಲ, ಹೊಡೆಸಿಕೊಳ್ಳುವುದಕ್ಕೆ. ಒಬ್ಬರು ಬಿಳಿಯರ ಪಾತ್ರ ಮಾಡಿ ಮುಖಕ್ಕೆ ಸಿಗರೇಟು ಹೊಗೆ ಬಿಡುವುದು, ಕೂದಲು ಹಿಡಿದು ಎಳೆಯುವುದು, ಕೊಳಕು ಮಾತು ಬೈಯುವುದು. ಮಕ್ಕಳು ಕೈ ಎತ್ತಬಾರದು, ಬಾಯಿ ತೆರೆಯಬಾರದು, ಕಣ್ಣು ತಗ್ಗಿಸಲೂ ಬಾರದು. ಯಾರು ಅತ್ತರೋ ಅವರನ್ನು ಆ ವಾರ ಕರೆದುಕೊಂಡು ಹೋಗುತ್ತಿರಲಿಲ್ಲ. ಇವರು ಮೊದಲ ವಾರ ಅತ್ತರು, ಎರಡನೇ ವಾರ ಅಳಲಿಲ್ಲ.

ಆಮೇಲೆ ಕಂಕುಳಲ್ಲಿ ಟವೆಲ್ ಇಟ್ಟುಕೊಂಡು ಕೊಳದ ಟಿಕೆಟ್ ಕಿಟಕಿಯ ಮುಂದೆ ಸಾಲಾಗಿ ನಿಲ್ಲುವುದು. ಮೊದಲನೆಯವ ಟಿಕೆಟ್ ಕೇಳುತ್ತಾನೆ. ಇಲ್ಲ ಎನ್ನುತ್ತಾರೆ. ಅವನು ವಂದನೆ ಹೇಳಿ ಸಾಲಿನ ಕೊನೆಗೆ ಹೋಗಿ ಮತ್ತೆ ನಿಲ್ಲುತ್ತಾನೆ. ಎರಡನೆಯವ ಕೇಳುತ್ತಾನೆ. ಹೀಗೆ ಕೊಳ ಮುಚ್ಚುವವರೆಗೆ ಸಾಲು ಸುತ್ತುತ್ತಲೇ ಇರುವುದು. ಬಿಸಿಲು, ಉಗುಳು, ಒಮ್ಮೆ ಯಾರೋ ಎಸೆದ ಬಾಟಲಿ. ಕೊನೆಗೆ ಪೊಲೀಸರು ಬಂದು ಎಲ್ಲರನ್ನೂ ವ್ಯಾನಿಗೆ ತುಂಬಿದರು. ಅಮ್ಮ ಕೆಲಸ ಮಾಡುತ್ತಿದ್ದ ಮನೆಯವರು ಮರುದಿನವೇ ಅವಳಿಗೆ ಬರಬೇಡ ಎಂದರು. ಅವಳು ಕೈಯಾರೆ ಬೆಳೆಸಿದ ಮಕ್ಕಳು ಕಿಟಕಿಯಿಂದ ನೋಡುತ್ತಿದ್ದವಂತೆ, ಒಂದೂ ಹೊರಗೆ ಬರಲಿಲ್ಲ. ಅಪ್ಪಂದಿರು ವಕೀಲರನ್ನು ಹಿಡಿದರು, ಕೋರ್ಟಿಗೆ ಹೋದರು. ವಕೀಲರ ಮನೆಯ ಕಿಟಕಿ ಒಡೆದರೂ ಕೇಸು ನಿಲ್ಲಲಿಲ್ಲ.

"ಕಡೆಗೆ?" ಎಂದೆ.

"ಕಡೆಗೆ ಗೆದ್ದೆವು. ಬಣ್ಣ ನೋಡಿ ಯಾರನ್ನೂ ಹೊರಗಿಡುವಂತಿಲ್ಲ ಎಂದು ನ್ಯಾಯಾಧೀಶರು ತೀರ್ಪು ಕೊಟ್ಟರು. ಅವತ್ತು ನಮ್ಮ ಚರ್ಚಿನ ಗಂಟೆ ನಿಲ್ಲಲೇ ಇಲ್ಲ."

ನಾನು ಎದ್ದು ನಿಂತೆ. ಇಷ್ಟು ಸಾಕಿತ್ತು ನನಗೆ. "ಕೂತುಕೊಳ್ಳಿ, ಇನ್ನೂ ಇದೆ," ಎಂದು ಅವರು ಎರಡು ಸಲ ಹೇಳಿದ್ದು ಕೇಳಿಸಿತು. ಆದರೆ ಅರ್ಧ ಮಾತಿಗೇ ಎದ್ದು ಹೊರಡುವುದು ನನ್ನ ಹುಟ್ಟುಗುಣ. ಗಂಡ ಅದಕ್ಕೇ ನನ್ನನ್ನು ಪ್ರೆಶರ್ ಕುಕ್ಕರ್ ಎನ್ನುವುದು. ಅಷ್ಟರಲ್ಲಿ ನಾನು ಲಿಫ್ಟಿನ ಹತ್ತಿರ ಇದ್ದೆ.

ಗಂಡನಿಗೆ ಫೋನ್ ಮಾಡಿ ನಾವೂ ಹಾಗೇ ಸಾಲು ನಿಲ್ಲೋಣ ಎಂದರೆ, "ಮಂಡೆ ಸಮ ಉಂಟಾ ನಿಂಗೆ?" ಎಂದ. "ಇದು ಅಮೆರಿಕ ಅಲ್ಲ. ಇಲ್ಲಿ ಸಾಲು ನಿಂತ್ರೆ ಸೀದ ಏರ್‌ಪೋರ್ಟಿಗೆ ಕಳಿಸ್ತಾರೆ. ನಮ್ಮ ಇಕಾಮಾ ಹೋದ್ರೆ ಮಗುವಿನ ಗತಿ?" ಇಕಾಮಾ ಎಂಬ ಆ ವಾಸದ ಪರವಾನಗಿಯ ಹೆಸರೆತ್ತಿದರೆ ನಮ್ಮಲ್ಲಿ ಯಾರ ಬಾಯಾದರೂ ಕಟ್ಟುತ್ತದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಪ್ರತಿಭಟನೆ ಎನ್ನುವ ಮಾತು ನಮ್ಮಂಥವರು ಇಲ್ಲಿ ಆಡುವ ಹಾಗಿಲ್ಲ. ಆದರೆ ಮಾಲೀಕರ ಬಾಗಿಲಿಗೆ ಹೋಗಿ ಕೇಳುವುದಕ್ಕೆ ಯಾರ ಅಡ್ಡಿ? ಆಫೀಸಿಗೆ ರಜೆ ಹಾಕಿ, ಮಗಳನ್ನು ವೀಲ್‌ಚೇರಿನಲ್ಲಿ ಕೂರಿಸಿ, ಆಯಾಳನ್ನೂ ಕರೆದುಕೊಂಡು ಟ್ಯಾಕ್ಸಿ ಹತ್ತಿದೆ.

ಕಟ್ಟಡದ ಮಾಲೀಕರ ಮಗ ತರುಣ, ಬಹಳ ಸಭ್ಯ. ನಮಗೆಲ್ಲ ಚಹಾ ತರಿಸಿದ, ಆಯಾಳಿಗೂ. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಸುಳ್ಳು ಹೇಳಿ ಇಳಿಸಿದ್ದು ನಿಜ, ಆದರೆ ಈ ಹೆಂಗಸು ಹಿಡಿದರೆ ಮಾತ್ರ ನನ್ನ ಮಗು ನಡೆಯುತ್ತದೆ, ಒಂದೇ ನೀರಿನಲ್ಲಿ ಒಡತಿ ಇಳಿದರೆ ಶುದ್ಧ, ಕೆಲಸದವಳು ಇಳಿದರೆ ಕೊಳಕು ಎನ್ನುವುದು ಯಾವ ಲೆಕ್ಕ ಎಂದೆಲ್ಲ ಕೇಳಿದೆ. ಧ್ವನಿ ಏರಿತ್ತು, ತಡೆಯಲಾಗಲಿಲ್ಲ. ಅವನು ಮಗಳ ಕಾಲನ್ನು ಒಮ್ಮೆ ನೋಡಿದ, ಆಯಾಳನ್ನು ಒಮ್ಮೆ ನೋಡಿದ. "ನೀವು ಹೇಳುವುದು ಸರಿ. ಆ ಬೋರ್ಡು ಹಳೇ ಕಾಲದ್ದು. ಖಲಾಸ್, ತೆಗೆಸುತ್ತೇನೆ" ಎಂದ. ಮೆಟ್ಟಿಲಿಳಿಯುವಾಗ ಆಯಾ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅಷ್ಟು ಸುಲಭವಾಗಿ ಮುಗಿದದ್ದಕ್ಕೆ ನನಗೇ ನಾಚಿಕೆಯಾಯಿತು, ಮೊದಲೇ ಯಾಕೆ ಬರಲಿಲ್ಲ ಎಂದು.

ಸಂಜೆಗೆ ಬೋರ್ಡು ಇರಲಿಲ್ಲ. ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಮಾತ್ರ. ಆಯಾ ಈ ಸಲ ನನ್ನ ಸರ ಹಾಕಿಕೊಳ್ಳದೆ, ಬಾಯ್ತುಂಬ ಬಾಯಮ್ಮ ಎಂದು ಕರೆಯುತ್ತಾ ನೀರಿಗಿಳಿದಳು. ಮಾರನೇ ದಿನ ಐದನೇ ಮಹಡಿಯ ಇಥಿಯೋಪಿಯಾದ ಹುಡುಗಿ ಬಂದಳು, ತಾನು ನೋಡಿಕೊಳ್ಳುವ ಪುಟ್ಟ ಮಗುವನ್ನು ಎತ್ತಿಕೊಂಡು. ಮೊದಲು ಪಾದ ಅದ್ದಿದಳು, ಸುತ್ತ ನೋಡಿದಳು, ಆಮೇಲೆ ಇಳಿದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಸಿಹಿ ಹಂಚುವವಳ ಹಾಗೆ ಮುದುಕರ ಹತ್ತಿರ ಓಡಿದೆ. "ನೋಡಿದಿರಾ? ನಾವೂ ಗೆದ್ದೆವು."

ಅವರು ಸಂತೋಷ ಎನ್ನಲಿಲ್ಲ, ಅಭಿನಂದನೆ ಎನ್ನಲಿಲ್ಲ. "ಮಗಳನ್ನು ದಿನಾ ಇಳಿಸಿ. ಬೆಳಿಗ್ಗೆಯೂ ಇಳಿಸಿ, ಸಂಜೆಯೂ ಇಳಿಸಿ. ಒಂದು ದಿನವೂ ಬಿಡಬೇಡಿ" ಎಂದರು. ಮುದಿತನದ ಅಳುಕು ಎಂದುಕೊಂಡೆ. ಗೆದ್ದವರ ಮುಂದೆ ಸಪ್ಪೆ ಮುಖ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆ ಗುರುವಾರ ಮಗಳಿಗೆ ಸ್ವಲ್ಪ ನೆಗಡಿ ಇತ್ತು, ಇಳಿಸಲಿಲ್ಲ. ನಾಳೆ ಇದೆಯಲ್ಲ ಎಂದೆ.

ಇಲ್ಲಿನ ವಾರದ ರಜಾದಿನ ಶುಕ್ರವಾರ, ಇಗರ್ಜಿಯ ಪೂಜೆ ಮುಗಿಸಿ ಬಂದು ಕೆಳಗೆ ಹೋದರೆ ಕೊಳದಲ್ಲಿ ನೀರು ಮೊಣಕಾಲಿಗಿಂತ ಕೆಳಗಿತ್ತು. ತಳದ ನೀಲಿ ಬಣ್ಣ ಅಲ್ಲಲ್ಲಿ ಎದ್ದುಹೋಗಿರುವುದು ಆಗ ಕಂಡಿತು. ಹಾರಿಸ್ ನನ್ನ ಕಣ್ಣು ತಪ್ಪಿಸಿ, "ಮೇಂಟೆನೆನ್ಸ್, ಮದಾಮ್" ಎಂದ. ಬೆಳಿಗ್ಗೆ ಮಾಲೀಕರ ಕಡೆಯಿಂದ ಅವನಿಗೆ ಅಪ್ಪಣೆ ಬಂದಿತ್ತು. ಮುಂದಿನ ವಾರ ಲಾರಿಯಲ್ಲಿ ಜಲ್ಲಿ, ಮಣ್ಣು, ಸಿಮೆಂಟು ಬಂದವು. ನಾನು ಮಾಲೀಕರ ಮಗನಿಗೆ ಫೋನ್ ಮಾಡಿದೆ. ಅವನ ಸಭ್ಯತೆ ಒಂದಿಷ್ಟೂ ಕಮ್ಮಿಯಾಗಿರಲಿಲ್ಲ. ಬಹಳ ಮನೆಯವರಿಂದ ದೂರು ಬಂತಂತೆ, ಮಕ್ಕಳನ್ನು ಆ ನೀರಿಗೆ ಕಳಿಸುವುದಿಲ್ಲ ಎಂದರಂತೆ, ಕೆಲವರು ಮನೆ ಬಿಡುತ್ತೇವೆ ಎಂದರಂತೆ. ಒಬ್ಬರಿಗೆ ಹೌದು ಇನ್ನೊಬ್ಬರಿಗೆ ಇಲ್ಲ ಎನ್ನುವುದು ನಿಮಗೇ ಇಷ್ಟವಿರಲಿಲ್ಲವಲ್ಲ ಮದಾಮ್, ಈಗ ಎಲ್ಲರಿಗೂ ಒಂದೇ ನಿಯಮ ಎಂದ. ನಾನು ಫೋನ್ ಇಟ್ಟು ಕೆಳಗೆ ಹೋದೆ.

ಮುದುಕರು ಅದೇ ಬೆಂಚಿನಲ್ಲಿ ಕೂತು ಲಾರಿಯನ್ನು ನೋಡುತ್ತಿದ್ದರು. ಉಳಿದ ಅರ್ಧವನ್ನು ನಾನು ಕೇಳಿದ್ದು ಆವತ್ತು. ತೀರ್ಪು ಬಂದ ಮೇಲೆ ಮೊದಲ ಬೆಚ್ಚಗಿನ ದಿನ ಅವರೆಲ್ಲ ಟವೆಲ್ ಹಿಡಿದು ಹೊರಟರಂತೆ. ಅಮ್ಮನೂ ಬಂದಿದ್ದಳು, ಸಮವಸ್ತ್ರವಿಲ್ಲದೆ, ಹಬ್ಬದ ಬಟ್ಟೆಯಲ್ಲಿ. ಹೋಗಿ ನೋಡಿದರೆ ಗೇಟಿಗೆ ಸರಪಳಿ, ಒಳಗೆ ಲಾರಿ, ಕೊಳದ ಅರ್ಧಕ್ಕೆ ಮಣ್ಣು. ಕಪ್ಪು ಜನರ ಜೊತೆ ಒಂದೇ ನೀರಿನಲ್ಲಿ ಇಳಿಯುವುದಕ್ಕಿಂತ ನೀರೇ ಇಲ್ಲದಿರುವುದು ವಾಸಿ ಎಂದು ನಗರಸಭೆಯವರು ಕೈ ಎತ್ತಿ ಠರಾವು ಮಾಡಿದ್ದರು. ಇವರು ಮತ್ತೆ ಕೋರ್ಟಿಗೆ ಹೋದರು. ಎಲ್ಲರಿಗೂ ಮುಚ್ಚಿದ ಮೇಲೆ ಯಾರಿಗೂ ಭೇದ ಮಾಡಿದಂತೆ ಆಗುವುದಿಲ್ಲ ಎಂದು ಕೋರ್ಟು ಹೇಳಿತು. ಬಿಳಿಯರು ಆಮೇಲೆ ತಮ್ಮ ತಮ್ಮ ಹಿತ್ತಲಲ್ಲಿ, ತಮ್ಮ ತಮ್ಮ ಕ್ಲಬ್ಬುಗಳಲ್ಲಿ ಕೊಳ ಕಟ್ಟಿಕೊಂಡರು. ಆ ಹಳೇ ಕೊಳದ ಮೇಲೆ ಇವತ್ತಿಗೂ ಹುಲ್ಲು ಬೆಳೆದಿದೆಯಂತೆ.

"ಮೊದಲೇ ಯಾಕೆ ಹೇಳಲಿಲ್ಲ?" ಎಂದು ಅವರ ಮೇಲೂ ಹರಿಹಾಯ್ದೆ. "ಬಟ್ಟೆ ಬದಲಿಸಿ, ಸರ ಹಾಕಿ, ಹೇಗಾದರೂ ಮಾಡಿ ಕದ್ದುಮುಚ್ಚಿಯೇ ಇಳಿಸುತ್ತಿದ್ದೆನಲ್ಲ."

"ಹೇಳಲು ಹೊರಟೆ. ನೀವು ಎದ್ದಿರಿ," ಎಂದರು. "ಎದ್ದದ್ದು ನೋಡಿ ನನಗೂ ಆಸೆಯಾಯಿತು. ಈ ಸಲ ಬೇರೆ ಆದೀತು ಎಂದು" ಎಂದರು.

ಮೂರನೇ ಮಹಡಿಯವಳು ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿ, "ನಿಮ್ಮಿಂದಾಗಿ ನಮ್ಮ ಮಕ್ಕಳಿಗೂ ಇಲ್ಲದ ಹಾಗೆ ಆಯ್ತು" ಎಂದಳು. ಅವಳ ದೊಡ್ಡವ ಆಗ ತಾನೇ ಈಜು ಕಲಿಯುತ್ತಿದ್ದ. ಇಗರ್ಜಿಯಲ್ಲಿ ಈಗಲೂ ಅವಳು ನಮ್ಮ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಪರಸ್ಪರ ಶಾಂತಿ ಕೋರುವ ಹೊತ್ತಿಗೆ ಹಿಂದೆ ತಿರುಗಿ ಕೈ ಮುಗಿಯುತ್ತಾಳೆ, ನಾನೂ ಮುಗಿಯುತ್ತೇನೆ. ಮನಸ್ಸಿನಲ್ಲಿ ಶಾಪ ಹಾಕುತ್ತೇನೆ, ಸುಳ್ಳು ಯಾಕೆ ಹೇಳಲಿ.

ಸಮುದ್ರವೇನೋ ಇಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಕರೆದುಕೊಂಡು ಹೋದೆವು. ತಳದಲ್ಲಿ ಬರೀ ಕಲ್ಲು, ಒಂದು ಸಣ್ಣ ಅಲೆ ಬಂದರೂ ಮಗಳು ಬೀಳುತ್ತಿದ್ದಳು, ಪಾದ ಕೊಯ್ದು ರಕ್ತ ಬಂತು. ಕ್ಲಬ್ಬುಗಳಲ್ಲಿ ವಿಚಾರಿಸಿದೆವು. ಮಗುವಿಗೆ ಪ್ರವೇಶವಿದೆ, ಆಯಾಳಿಗೆ ಬದಿಯಲ್ಲಿ ಕುರ್ಚಿ ಇದೆ ಎಂದರು. ಮತ್ತೆ ಕಸಿನ್ ನಾಟಕ ಆಡೋಣ ಎಂದರೆ ಆಯಾಳೇ ಒಪ್ಪಲಿಲ್ಲ. "ಬೇಡ ಬಾಯಮ್ಮ. ಹೆದರಿಕೆಗೆ ನನ್ನ ಬಾಯಿಂದ ಪುನಃ ಅದೇ ಬರ್ತದೆ," ಎಂದಳು. ಬೇರೆ ಮನೆ ಹುಡುಕಿದೆವು, ಕೊಳ ಇದ್ದಲ್ಲೆಲ್ಲ ಅದೇ ಬೋರ್ಡು. ಹೋರಾಡಿ ಗೆಲ್ಲುವ ಧೈರ್ಯ ನನಗೆ ಮತ್ತೆ ಬರಲಿಲ್ಲ. ಸೋತಿದ್ದರೆ ಬಂದೀತೇನೋ.

ಅಷ್ಟರಲ್ಲಿ ಮಗಳು ಉದ್ದವಾದಳು. ಎಲುಬು ಬೆಳೆಯಿತು, ಸ್ನಾಯು ಬೆಳೆಯಲಿಲ್ಲ. ಕಳೆದ ತಿಂಗಳು ಡಾಕ್ಟರು ಮೊಣಕಾಲು ಬಿಡಿಸಿ ನೋಡಿ, ಇನ್ನು ನಿಲ್ಲಿಸುವ ಪ್ರಯತ್ನ ಬೇಡ, ನೋವಾಗದ ಹಾಗೆ ನೋಡಿಕೊಳ್ಳಿ ಸಾಕು ಎಂದರು. ಮನೆಗೆ ಬಂದು ಆಯಾಳಿಗೆ ಹೇಳಿದೆ. ಅವಳು ಒಲೆಯ ಮುಂದೆ ನಿಂತವಳು ಹಾಗೇ ನಿಂತುಬಿಟ್ಟಳು, ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ. ನಾನು ದೇವರನ್ನು ಬೈದೆ. ಅದರಿಂದ ಏನೂ ಆಗುವುದಿಲ್ಲ ಎಂಬುದು ನನಗೆ ಗೊತ್ತು.

ಮೊನ್ನೆ ಸಂಜೆ ಮಗಳು ಹಟ ಹಿಡಿದಳೆಂದು ಕೆಳಗೆ ಕರೆದುಕೊಂಡು ಹೋದೆವು. ಮುದುಕರು ಬೆಂಚಿನಲ್ಲೇ ಇದ್ದರು, ಅದೇ ಬೂಟು, ಅದೇ ಇಸ್ತ್ರಿ. ಕೊಳ ಹೋದ ಮೇಲೂ ಅವರು ಬಂದು ಕೂರುವುದನ್ನು ಬಿಟ್ಟಿಲ್ಲ. ಟೈಲ್ಸ್ ಮೇಲೆ ಸೈಕಲ್‌ಗಳು ಗಿರಗಿರ ಸುತ್ತುತ್ತಿದ್ದವು. ಆಯಾ ವೀಲ್‌ಚೇರಿನ ಬ್ರೇಕ್ ಹಾಕಿ ಅದರ ಪಕ್ಕ ನೆಲದಲ್ಲಿ ಕೂತಳು. ನಾನು ಯಾವತ್ತೂ ಕೇಳದಿದ್ದ ಪ್ರಶ್ನೆಯನ್ನು ಆವತ್ತು ಕೇಳಿದೆ. "ಅದೆಲ್ಲ ಆದ ಮೇಲೆ ನೀವು ಬೇರೆ ಎಲ್ಲಿ ಈಜು ಕಲಿತಿರಿ?"

"ಎಲ್ಲೂ ಇಲ್ಲ," ಎಂದರು. "ಎಲ್ಲೋ ಒಂದು ಕಡೆ ಕಲಿಯಬಹುದಿತ್ತು. ಆದರೆ ನೀರು ಕಂಡರೆ ನನಗೆ ಮಣ್ಣೇ ಕಾಣುತ್ತದೆ. ಇಷ್ಟು ವಯಸ್ಸಾಯಿತು, ನನಗೆ ಈಜು ಬರುವುದಿಲ್ಲ."

ಮಗಳು ಸೈಕಲ್‌ಗಳನ್ನು ನೋಡುತ್ತಿದ್ದವಳು ಈ ಕಡೆ ತಿರುಗಿದಳು. ಡಾಕ್ಟರು ಹೇಳಿದ್ದನ್ನು ನಾವು ಅವಳಿಗೆ ಇನ್ನೂ ಹೇಳಿರಲಿಲ್ಲ, ಕೊಳ ಮತ್ತೆ ತೆರೆಯುವುದಿಲ್ಲ ಎಂಬುದನ್ನೂ.

"ಡೋಂಟ್ ವರಿ, ಗ್ರ್ಯಾಂಪಾ," ಎಂದಳು. "ಐ ನೋ ಸ್ವಿಮ್ಮಿಂಗ್. ವೆನ್ ದ ಪೂಲ್ ಓಪನ್ಸ್, ಐ ವಿಲ್ ಟೀಚ್ ಯೂ."

ಅವರು ಆಗಲಿ ಎಂದು ತಲೆಯಾಡಿಸಿದರು. ಆಯಾ ಮುಖವನ್ನು ಮೊಣಕಾಲ ನಡುವೆ ಹುದುಗಿಸಿಕೊಂಡಳು. ನಾನು ಬೆಂಚಿನಿಂದ ಎದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ, ಮತ್ತೆ ಅಲ್ಲೇ ಕೂತೆ.